ಅದೇ ಗಂಜಿ, ಅಷ್ಟೇ ಇನ್ಸುಲಿನ್

ಕೇಳುಗರೇ, ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್. 8ನೇ ವಯಸ್ಸಿನಿಂದ ದಿನಕ್ಕೆ 4 ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಎಷ್ಟು ಉಂಡರೆ ಎಷ್ಟು ಯೂನಿಟ್ ಎಂಬುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಅವಳಿಗೆ 12 ಆದಾಗ ಆ ಲೆಕ್ಕ ತಪ್ಪತೊಡಗಿತು. ಅದೇ ಕುಚ್ಚಲಕ್ಕಿ ಗಂಜಿ, ಅಷ್ಟೇ ಯೂನಿಟ್. ಆದರೂ ಶುಗರ್ ಇಳಿದುಹೋಗುತ್ತಿತ್ತು. ಒಂದು ರಾತ್ರಿ 3 ಗಂಟೆಗೆ ಮೀಟರ್ 52 ತೋರಿಸಿತು. ಅಂಗಿಯೆಲ್ಲ ಬೆವರಿಗೆ ಒದ್ದೆ, ಲೋಟ ಹಿಡಿಯಲಾಗದಷ್ಟು ಕೈ ನಡುಕ. ಸಕ್ಕರೆ ನೀರು ಕುಡಿಸಿದೆ. "ಗಂಜಿ ಪೂರ್ತಿ ಉಣ್ಣಲಿಲ್ಲ ಅಲ್ವಾ ನೀನು?" ಎಂದು ಬೈದೆ ಕೂಡ. ಅವಳು ಉಂಡಿದ್ದಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎಪ್ರಿಲ್ ಸೆಕೆಗೆ ನಾವೆಲ್ಲ ಚಾವಡಿಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರೆ ಇವಳಿಗೆ ಹೊದಿಕೆ ಬೇಕು. ಬಾಚಣಿಗೆ ತುಂಬ ಕೂದಲು. ಆ ವರ್ಷ ಯೂನಿಫಾರ್ಮ್ ಲಂಗದ ಮಡಿಕೆ ಬಿಚ್ಚುವ ಕೆಲಸವೇ ಬರಲಿಲ್ಲ, ಅವಳು ಉದ್ದವೇ ಆಗಿರಲಿಲ್ಲ. ಒಬ್ಬ ಡಾಕ್ಟರು ಡೋಸ್ ಇಳಿಸಿ ಕಳಿಸಿದರು. ಮತ್ತೊಬ್ಬರು ಟಿಎಸ್‌ಎಚ್ ಪರೀಕ್ಷೆ, ಅಂದರೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡುವ ರಕ್ತಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ತೀರಾ ಮಂದವಾಗಿತ್ತು.

ಟೈಪ್ 1ರಲ್ಲಿ ನಮ್ಮ ಮೈಯ ಕಾವಲು ಪಡೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಲ್ಲುತ್ತದೆ. ಆ ಪಡೆ ಕುತ್ತಿಗೆಯ ಥೈರಾಯ್ಡ್ ಮೇಲೂ ತಿರುಗಿಬೀಳಬಹುದು. ಥೈರಾಯ್ಡ್ ಮಂದವಾದರೆ ಉಂಡದ್ದರ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ, ಚುಚ್ಚಿದ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಅದಕ್ಕೇ ಆ 52. ಥೈರಾಯ್ಡ್ ಜೋರಾದರೆ ಇದರ ಉಲ್ಟಾ, ಶುಗರ್ ಏರುತ್ತದೆ.

ಟೈಪ್ 1 ಗೊತ್ತಾಗಿ ಶುಗರ್ ಹದಕ್ಕೆ ಬಂದಮೇಲೆ ಒಮ್ಮೆ, ಆಮೇಲೆ 1-2 ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕು. ಇದು ಆಸ್ಪತ್ರೆಯಲ್ಲಿ ಕೊಟ್ಟ ಕಾಗದದಲ್ಲೇ ಇತ್ತಂತೆ, ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನ್ನಂಥ ಅಮ್ಮಂದಿರು ಈ ಕಡೆ ತುಂಬಾ ಜನ ಇದ್ದಾರೆ. ಅದಕ್ಕೇ ಇಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಈಗ ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಥೈರಾಯ್ಡ್ ಮಾತ್ರೆ. ತಿಂಡಿ ಅರ್ಧ ಗಂಟೆ ಬಿಟ್ಟು. ಕಬ್ಬಿಣದ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ 4 ಗಂಟೆ ಬಿಟ್ಟು. ಮಾತ್ರೆ ಹಿಡಿದಮೇಲೆ ಇನ್ಸುಲಿನ್ ಜಾಸ್ತಿ ಬೇಕಾಗಬಹುದು, ಡಾಕ್ಟರನ್ನು ಕೇಳಿಯೇ ಬದಲಿಸಿ. ಈ ಜೂನ್‌ನಲ್ಲಿ ಲಂಗದ ಮಡಿಕೆ ಎರಡು ಬೆರಳು ಬಿಚ್ಚಿದೆ.

ನಿಮ್ಮ ಮನೆಯಲ್ಲೂ ಇನ್ಸುಲಿನ್ ಚುಚ್ಚಿಕೊಳ್ಳುವ ಮಗು ಇದ್ದರೆ, ಮುಂದಿನ ಸಲ ಹೋದಾಗ ಕೇಳಿ: "ಡಾಕ್ಟ್ರೇ, ಇವಳ ಟಿಎಸ್‌ಎಚ್ ನೋಡಿ ಎಷ್ಟು ಸಮಯವಾಯಿತು?"

ನಮಸ್ಕಾರ.