ಉಣ್ಣಲೊಲ್ಲದ ಮರಿಹಾವು

ಕೇಳುಗರಿಗೆ ನಮಸ್ಕಾರ. ಹಾವು ಸಾಕುವವರನ್ನು ಮೊದಲು ಕಂಗೆಡಿಸುವುದು ಕಚ್ಚುವ ಹಾವಲ್ಲ, ತಿನ್ನದ ಹಾವು. ಇಲಿಮರಿಯನ್ನು ಮುಂದೆ ಹಿಡಿದರೆ ಮರಿ ಮುಖ ತಿರುಗಿಸಿ ಮೂಲೆ ಸೇರುತ್ತದೆ. ನಾವದನ್ನು ಹಟ ಎನ್ನುತ್ತೇವೆ. ಬಹಳ ಸಲ ಅದು ಭಯ, ಇಲ್ಲವೇ ಚಳಿ.

ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ಪೊರೆ ಬಿಡುವ ತನಕ, ಅಂದರೆ ಒಂದು ವಾರ ಹತ್ತು ದಿನ, ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯ ಭಂಡಾರವೇ ಸಾಕು. ಮುಂದೆಯೂ ಪೊರೆ ಬಿಡುವ ಹೊತ್ತಿಗೆ ಕಣ್ಣು ಮಸುಕಾಗಿ ನೀಲಿಗಟ್ಟಿದ್ದರೆ ಊಟ ಕೊಡದೆ ಕಾಯಿರಿ.

ಇನ್ನು ಶಾಖ. ಹೊರಗಿನ ಬಿಸಿ ಸಾಲದಿದ್ದರೆ ಹಾವಿಗೆ ತಿಂದದ್ದು ಅರಗದು. ಬಾಲ್ ಪೈಥಾನ್ ಎಂಬ ಆಫ್ರಿಕಾದ ಪುಟ್ಟ ಹೆಬ್ಬಾವಿನ ಮರಿಗೆ ಗೂಡಿನ ಒಂದು ತುದಿ 31-32 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ತುದಿ 26ರ ಆಸುಪಾಸು. ಥರ್ಮಾಮೀಟರನ್ನು ಗೋಡೆಗೆ ಅಂಟಿಸಿ ಫಲವಿಲ್ಲ, ಹಾವು ಮಲಗುವ ನೆಲದಲ್ಲೇ ಅಳೆಯಬೇಕು.

ದೊಡ್ಡ ಗಾಜಿನ ಪೆಟ್ಟಿಗೆ ಚಂದ ಕಾಣುವುದು ನಮ್ಮ ಕಣ್ಣಿಗೆ. ಬೆರಳುಗಾತ್ರದ ಜೀವಕ್ಕೆ ಅದು ಹದ್ದಿನ ಕಣ್ಣಿಗೆ ಬೀಳುವ ಬಯಲು. ಚಿಕ್ಕ ಡಬ್ಬಿ, ಎರಡೂ ತುದಿಯಲ್ಲಿ ಮೈಗೆ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ, ನಡುವೆ ಮುದುಡಿದ ಕಾಗದ. ಹೊಸದಾಗಿ ತಂದಿದ್ದರೆ ಒಂದು ವಾರ ಮುಟ್ಟಲೇಬೇಡಿ. ನೋಡುವ ಆಸೆ ತಡೆಯುವುದೇ ಕಷ್ಟ, ಬಲ್ಲೆ.

ಈಗ ಊಟ. ಹಾವಿನ ಮೈಯ ದಪ್ಪವನ್ನು ಹೆಚ್ಚು ಮೀರದ, ಹೆಪ್ಪುಗಟ್ಟಿಸಿಟ್ಟ ಇಲಿಯನ್ನು ಪೂರ್ತಿ ಕರಗಿಸಿ, ಕವರಿನೊಳಗಿಟ್ಟು ಬಿಸಿನೀರಿನಲ್ಲಿ ಮೈ ಬೆಚ್ಚಗಾಗಿಸಿ. ಮೈಕ್ರೋವೇವ್ ಬೇಡ. ಬಾಲ್ ಪೈಥಾನಿನ ತುಟಿಯ ಮೇಲೆ ಶಾಖ ಅರಿಯುವ ಕುಳಿಗಳಿವೆ, ತಣ್ಣಗಿನ ಇಲಿ ಅದಕ್ಕೆ ಬೇಟೆಯೇ ಅಲ್ಲ. ಸಂಜೆ ದೀಪ ತಗ್ಗಿಸಿ, ಇಕ್ಕಳದಲ್ಲಿ ಇಲಿಯ ಹಿಂಭಾಗ ಹಿಡಿದು ನೆಲಮಟ್ಟದಲ್ಲಿ ಮೆಲ್ಲಗೆ ಸರಿಸಿ. ಮೂತಿಗೆ ಒತ್ತಬೇಡಿ. ನಾಲಿಗೆ ನಿಧಾನವಾಗಿ ಆಡುತ್ತದೆ, ಕತ್ತು ಬಾಗಿ ಹಿಂದಕ್ಕೆ ಸೇರುತ್ತದೆ. ಅಲ್ಲಿ ಕೈ ನಿಲ್ಲಿಸಿ, ಉಸಿರೂ ಹಗುರಾಗಲಿ. ಹಿಡಿದು ಸುತ್ತಿಕೊಂಡ ಮೇಲೆ ಇಕ್ಕಳ ಬಿಟ್ಟುಕೊಟ್ಟು ಹಿಂದೆ ಸರಿಯಿರಿ.

ಹಾಗೂ ಒಲ್ಲದಿದ್ದರೆ ಮರಿಯನ್ನು ಆ ಸತ್ತ ಇಲಿಯ ಜೊತೆ ರಾತ್ರಿಯಿಡೀ ಕತ್ತಲಲ್ಲಿ ಒಂಟಿಯಾಗಿ ಬಿಡಿ. ಕಾರ್ನ್ ಸ್ನೇಕ್ ಎಂಬ ಅಮೆರಿಕದ ವಿಷವಿಲ್ಲದ ಹಾವಿನ ಮರಿಗಳು ಕಾಡಿನಲ್ಲಿ ಹಲ್ಲಿ, ಕಪ್ಪೆಗಳನ್ನೂ ಹಿಡಿಯುವುದರಿಂದ ಇಲಿಗೆ ಹಲ್ಲಿಯ ವಾಸನೆ ಸವರುವುದುಂಟು. ಸತ್ತ ಇಲಿಯ ತಲೆ ಸೀಳಿ ವಾಸನೆ ಬರಿಸುವುದೂ ಇದೆ. ಹೇಸಿಗೆಯ ಕೆಲಸ, ಆದರೆ ಫಲ ಕೊಡುತ್ತದೆ. ಜೀವಂತ ಇಲಿಯನ್ನು ಬಿಟ್ಟು ಹೋಗಬೇಡಿ, ಅದು ಹಾವನ್ನೇ ಕಚ್ಚೀತು. ಒಮ್ಮೆ ಬೇಡವೆಂದರೆ ಐದಾರು ದಿನ ಬಿಟ್ಟು ಮತ್ತೆ ಕೊಡಿ, ದಿನಾ ಪೀಡಿಸಿದರೆ ಹೆದರಿಕೆ ಗಟ್ಟಿಯಾಗುತ್ತದೆ.

ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಲೇ ಹೋದರೆ, ಬೆನ್ನುಮೂಳೆ ಎದ್ದು ಕಂಡರೆ, ಬಾಯಲ್ಲಿ ನೊರೆ ಬಂದರೆ ಸರೀಸೃಪ ಬಲ್ಲ ಪಶುವೈದ್ಯರಲ್ಲಿಗೆ ಹೊರಡಿ. ಬಾಯಿ ಬಿಡಿಸಿ ತುರುಕುವ ಕೆಲಸ ಅವರದು, ನಮ್ಮದಲ್ಲ. ತಿಂದರೆ ಎರಡು ದಿನ ಕೈಗೆತ್ತಿಕೊಳ್ಳಬೇಡಿ. ಕಕ್ಕಿದರೆ ಹತ್ತರಿಂದ ಹದಿನಾಲ್ಕು ದಿನ ಹೊಟ್ಟೆಗೆ ಬಿಡುವು ಕೊಟ್ಟು, ಮುಂದಿನ ಸಲ ಇನ್ನೂ ಚಿಕ್ಕ ಇಲಿಮರಿ ಕೊಡಿ.