ಕಾರು ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ

ಮೊದಲ ಸಲ ಹಳೇ ಕಾರು ಕೊಳ್ಳೋಕೆ ಹೊರಟವರು ಎಲ್ಲಕ್ಕಿಂತ ಮುಂಚೆ ಕೇಳುವುದು ಒಂದೇ: ಎಷ್ಟು ಕಿಲೋಮೀಟರ್ ಓಡಿದೆ? ಆ ಪ್ರಶ್ನೆಗೆ ಅಷ್ಟು ತೂಕ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಮೀಟರ್ ಹಿಂದಕ್ಕೆ ತಿರುಗಿಸೋರು ಇದ್ದಾರೆ. ಆದರೆ ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ತನ್ನ ಕಾಯಿಲೆ ಮುಚ್ಚಿಡೋದು ಕಷ್ಟ.

ಅದಕ್ಕೇ ಮಾರುವವರಿಗೆ ಮೊದಲೇ ಹೇಳಿಬಿಡಿ: ನಾನು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ, ಬಿಸಿಲಲ್ಲೂ ನಿಂತಿಲ್ಲವಾದರೆ, ಇನ್ನೊಂದು ದಿನ ಬರ್ತೀನಿ ಅಂತ ಹೊರಡಿ.

ಸ್ಟಾರ್ಟ್ ಮಾಡೋ ಮುಂಚೆ ಕೀಲಿ ಆನ್‌ಗೆ ಮಾತ್ರ ತಿರುಗಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯೋ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳು ಹತ್ತಬೇಕು. ಹತ್ತದೇ ಇದ್ದರೆ ಖುಷಿಪಡಬೇಡಿ. ದೋಷ ಕಾಣದಿರಲಿ ಅಂತ ಯಾರೋ ದೀಪವನ್ನೇ ತೆಗೆದಿರಬಹುದು. ಎಂಜಿನ್ ಶುರುವಾದ ಸ್ವಲ್ಪ ಹೊತ್ತಿಗೆ ಇವೆಲ್ಲ ಆರಬೇಕು.

ಈಗ ಸ್ಟಾರ್ಟ್ ಮಾಡಿಸಿ, ನೀವು ಹೊರಗೆ ನಿಂತು ಕೇಳಿ. ಮೊದಲ ಎರಡು ಮೂರು ಸೆಕೆಂಡೇ ಮುಖ್ಯ. ಆಯಿಲ್ ಎಲ್ಲ ಕೆಳಗಿಳಿದಿರುತ್ತೆ, ಮೇಲೇರಿ ಒತ್ತಡ ಕಟ್ಟೋಕೆ ಒಂಚೂರು ಹೊತ್ತು ಬೇಕು. ಆ ಹೊತ್ತಲ್ಲಿ ಎಂಜಿನ್ ಒಳಗಿನ ಟೈಮಿಂಗ್ ಚೈನ್ ಅನ್ನೋ ಸರಪಳಿ ಸಡಿಲಾಗಿದ್ದರೆ ಗಲಗಲ ಅನ್ನುತ್ತೆ. ಬಿಸಿ ಎಂಜಿನ್‌ನಲ್ಲಿ ಈ ಸದ್ದು ಸಿಗದೇ ಹೋಗಬಹುದು. ಸೈಲೆನ್ಸರ್ ಕಡೆ ಇನ್ನೊಬ್ಬರು ನಿಂತಿರಲಿ. ಮೊದಲ ಉಸಿರಿಗೇ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಸವೆದು ರಾತ್ರಿ ಆಯಿಲ್ ಒಳಗಿಳಿದಿದೆ. ವೇಗ ಕೊಟ್ಟಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡಿ. ಅದು ದೊಡ್ಡ ಖರ್ಚು. ಚಳಿಯಲ್ಲಿ ತೆಳು ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡೋ ದ್ರವ, ಉರಿಯುತ್ತಿದೆ.

ಆಯಿಲ್ ಮುಚ್ಚಳದಡಿ ಕೆನೆಯಂಥ ಕಂದು ಲೋಳೆ ಕಂಡರೆ ಗಾಬರಿ ಬೇಡ. ಬರೀ ಸಣ್ಣಪುಟ್ಟ ಓಡಾಟದ ಕಾರಲ್ಲಿ ತೇವ ನಿಂತು ಹಾಗಾಗುತ್ತೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯೋ ಕಡ್ಡಿ) ಎಳೆದು ನೋಡಿ, ಅದರಲ್ಲೂ ಕೆನೆ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲ್, ಹೋಗಿರೋ ಸಾಧ್ಯತೆ ಹೆಚ್ಚು. ಆ ಕಾರು ಬಿಟ್ಟುಬಿಡಿ. ಬೆಲೆ ಇಳಿಸಿದರೂ ಬಿಡಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ಅಥವಾ ಸಸ್ಪೆನ್ಷನ್ ಕೆಟ್ಟಿದೆ. ಸೀಟ್‌ಬೆಲ್ಟ್ ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಲ್ಲಿ ಮುಳುಗಿತ್ತು ಅಂತ ತಿಳಿಯಿರಿ. ತೊಳೆಯೋರು ಅಲ್ಲಿವರೆಗೆ ಹೋಗೋದೇ ಇಲ್ಲ.

ಓಡಿಸುವಾಗ ಹಾಡು ಬಂದ್. ನಾಲ್ಕನೇ ಗೇರ್‌ನಲ್ಲಿ ನಿಧಾನವಾಗಿ ಹೋಗ್ತಾ ಆಕ್ಸಿಲರೇಟರ್ ಒತ್ತಿ. ಎಂಜಿನ್ ಕೂಗುತ್ತೆ, ಕಾರು ಮುಂದೆ ಹೋಗಲ್ಲ ಅಂದರೆ ಕ್ಲಚ್ ಪ್ಲೇಟ್ ಸವೆದಿದೆ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿ. ಟಕ್ ಟಕ್ ಸದ್ದು ಬಂದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್ ಹೋಗ್ತಿದೆ. ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಸೊಟ್ಟಗಾಗಿರಬಹುದು. ಇವು ರಿಪೇರಿಯಾಗುವಂಥವು, ಚೌಕಾಸಿಗೆ ಇಟ್ಟುಕೊಳ್ಳಿ.

ಕಾರಿನ ಮೈಮೇಲೆ ಕೊರೆದಿರೋ ಗುರುತಿನ ಸಂಖ್ಯೆ, ಅಂದರೆ ಚಾಸಿಸ್ ನಂಬರ್‌ನ ಒಂದೊಂದೂ ಅಕ್ಷರ ಕಾಗದಪತ್ರಕ್ಕೆ ಹೊಂದಬೇಕು. ಇದರಲ್ಲಿ ರಾಜಿಯೇ ಇಲ್ಲ.

ವಾಪಸ್ ಬಂದು ಹತ್ತು ನಿಮಿಷ ಎಂಜಿನ್ ಓಡಲು ಬಿಡಿ, ಉಷ್ಣಾಂಶದ ಮುಳ್ಳು ಮಾಮೂಲಿ ಮಟ್ಟ ದಾಟಿ ಮೇಲೇರುತ್ತಾ ನೋಡಿ. ಆಮೇಲೆ ಬಗ್ಗಿ ಕೆಳಗೆ ನೋಡಿ. ತೊಟ್ಟಿಕ್ಕೋದು ತಿಳಿನೀರಾದರೆ ಅದು ಎಸಿಯದು. ಬಣ್ಣವೋ ಜಿಡ್ಡೋ ಇದ್ದರೆ ಬೆರಳಿಗೆ ಹಚ್ಚಿಕೊಂಡು ಮಾರುವವರಿಗೇ ತೋರಿಸಿ, ಏನಿದು ಅಂತ ಕೇಳಿ.