ಒಂದು ಗಂಧಕ ತೆಗೆಯಲು ಏನೆಲ್ಲ ಬೇಕಾಯಿತು: ಸಿಮೆಟಿಡಿನ್ ಹುಟ್ಟಿದ ಬಗೆ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಮುಗಿಸಿ ಔಷಧ ಸಂಶೋಧನೆಗೆ ಹೋಗಬೇಕೆಂದಿರುವವರು ಕೇಳುವ ಪ್ರಶ್ನೆ ಒಂದೇ: ಅಲ್ಲಿ ದಿನವಿಡೀ ಮಾಡುವುದೇನು? ಹೊಟ್ಟೆಯ ಆಮ್ಲ ತಗ್ಗಿಸುವ ಅಲ್ಸರಿನ ಮಾತ್ರೆ ಸಿಮೆಟಿಡಿನ್ ಹುಟ್ಟಿದ್ದನ್ನು ನೋಡಿದರೆ ಗೊತ್ತಾಗುತ್ತದೆ.

ಈ ಅಣು ಕಟ್ಟಿದವರಲ್ಲೊಬ್ಬರಾದ ರಸಾಯನಶಾಸ್ತ್ರಜ್ಞ ರಾಬಿನ್ ಗ್ಯಾನೆಲಿನ್ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಪಿಎಚ್.ಡಿ. ಮಾಡಿ, 1958ರಲ್ಲಿ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯ ಇಂಗ್ಲೆಂಡ್ ಪ್ರಯೋಗಾಲಯ ಸೇರಿದರು. ಪಿಎಚ್.ಡಿ. ಮಾಡಿದ್ದು ಏಳು ಇಂಗಾಲದ ಟ್ರೊಪಿಲಿಯಂ ಉಂಗುರದ ಮೇಲೆ. ಹೊಟ್ಟೆಯ ಆಮ್ಲಕ್ಕೂ ಅದಕ್ಕೂ ನಂಟಿಲ್ಲ. ಈ ವೃತ್ತಿಯಲ್ಲಿ ಅದೇನೂ ವಿಶೇಷವಲ್ಲ. ಸಾವಯವ ಸಂಶ್ಲೇಷಣೆಯಲ್ಲಿ ಕೈ ಪಳಗಿದ್ದರೆ ಉಳಿದದ್ದನ್ನು ಕೆಲಸವೇ ಕಲಿಸುತ್ತದೆ.

1964ರಲ್ಲಿ ಔಷಧಶಾಸ್ತ್ರಜ್ಞ ಜೇಮ್ಸ್ ಬ್ಲ್ಯಾಕ್ ಅಲ್ಲಿಗೆ ಬಂದರು. ಅಲರ್ಜಿಗೆ ಕೊಡುವ ಹಳೆಯ ಆ್ಯಂಟಿಹಿಸ್ಟಮಿನ್‌ಗಳು, ದೇಹವೇ ತಯಾರಿಸುವ ಹಿಸ್ಟಮಿನ್ ಎಂಬ ಅಣು ಸುರಿಸುವ ಜಠರಾಮ್ಲವನ್ನು ತಡೆಯುತ್ತಿರಲಿಲ್ಲ. ಹಾಗಾದರೆ ಹಿಸ್ಟಮಿನ್‌ಗೆ ಎರಡನೆಯ ಗ್ರಾಹಕವೊಂದು (ಜೀವಕೋಶದ ಮೇಲೆ ಅದು ಬಂದು ಕೂರುವ ಜಾಗ, ರಿಸೆಪ್ಟರ್) ಇರಲೇಬೇಕು ಎಂಬುದು ಅವರ ವಾದ. ಮೊದಲ ನಾಲ್ಕು ವರ್ಷ, ಸುಮಾರು 200 ಸಂಯುಕ್ತ, ಒಂದೂ ತಡೆಯಲಿಲ್ಲ.

ತಪ್ಪಿದ್ದದ್ದು ಪರೀಕ್ಷೆಯನ್ನು ಓದುವ ರೀತಿಯಲ್ಲಿ. ಹಿಸ್ಟಮಿನ್‌ನ ಬಾಲಕ್ಕೆ ಗ್ವಾನಿಡಿನ್ ಗುಂಪು ಕಟ್ಟಿದ ಅಣು ತಾನೇ ಅಷ್ಟಿಷ್ಟು ಆಮ್ಲ ಸುರಿಸುತ್ತಿತ್ತು, ಹಾಗಾಗಿ ಅದನ್ನು ಉದ್ದೀಪಕವೆಂದು ಬದಿಗಿಟ್ಟಿದ್ದರು. ಮತ್ತೆ ಪರೀಕ್ಷಿಸಿದಾಗ ತಿಳಿಯಿತು: ಅದು ಅರೆ ಉದ್ದೀಪಕ, ಅರೆ ತಡೆಗಾರ. ಇನ್ನು ಉದ್ದೀಪನವನ್ನು ಕಳೆಯಬೇಕು. ಧನಾವೇಶ ಹೊರುವ ಗ್ವಾನಿಡಿನ್ ಬದಲಿಗೆ ಗಂಧಕವಿರುವ, ಆವೇಶವಿಲ್ಲದ ಥಯೋಯೂರಿಯ ಹಾಕಿ, ಅಣುವಿನ ಉಂಗುರವನ್ನೂ ಬಾಲದ ಗುಂಪನ್ನೂ ಬೆಸೆಯುವ ಸರಪಳಿಯನ್ನು ಎರಡು ಇಂಗಾಲದಿಂದ ನಾಲ್ಕಕ್ಕೆ ಎಳೆದರು. ಅದೇ ಬುರಿಮಮೈಡ್. 1972ರಲ್ಲಿ ಪ್ರಕಟವಾಯಿತು. ರಕ್ತನಾಳಕ್ಕೆ ಕೊಟ್ಟರೆ ಕೆಲಸ ಮಾಡಿತು, ಬಾಯಿಯ ಮೂಲಕ ಸಾಲದು.

ಇಲ್ಲಿಂದ ಮುಂದೆ ಲೆಕ್ಕದ ಕೆಲಸ. ಹಿಸ್ಟಮಿನ್‌ನ ಇಮಿಡಜೋಲ್ ಉಂಗುರದ ಪಿಕೆಎ (ಪ್ರೋಟಾನ್ ಹಿಡಿದು ಧನಾವೇಶ ಪಡೆಯುವ ಒಲವಿನ ಅಳತೆ; ಹೆಚ್ಚಿದ್ದಷ್ಟೂ ಒಲವು ಹೆಚ್ಚು) ಸುಮಾರು 5.9, ಬುರಿಮಮೈಡ್‌ನದು 7.25. ಅಂದರೆ ದೇಹದಲ್ಲಿ ಬುರಿಮಮೈಡ್‌ನ ಬಹುಪಾಲು ಅಣುಗಳಲ್ಲಿ ಉಂಗುರವು ಹಿಸ್ಟಮಿನ್‌ನಲ್ಲಿ ಇದ್ದಂತೆ ಇರುತ್ತಿರಲಿಲ್ಲ. ಪಿಕೆಎ ಇಳಿಸಲೆಂದು ಸರಪಳಿಯ ಒಂದು ಇಂಗಾಲದ ಜಾಗದಲ್ಲಿ ಎಲೆಕ್ಟ್ರಾನ್ ಎಳೆಯುವ ಗಂಧಕ ಕೂರಿಸಿದರು. ಉಂಗುರಕ್ಕೆ ಒಂದು ಮೀಥೈಲ್ ಸೇರಿಸಿದರು, ಹೈಡ್ರೋಜನ್ ಬೇಕಾದ ನೈಟ್ರೋಜನ್ ಮೇಲೆಯೇ ನಿಲ್ಲಲಿ ಎಂದು. ಇದು ಮೆಟಿಯಮೈಡ್, ಹತ್ತು ಪಟ್ಟಿಗೆ ಹತ್ತಿರದಷ್ಟು ಬಲಶಾಲಿ, ನುಂಗಿದರೂ ಸಾಕು. ಆದರೆ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣ ಕುಸಿಯಿತು.

ಅನುಮಾನ ಥಯೋಯೂರಿಯದ ಗಂಧಕದ ಮೇಲೆ. ಅದನ್ನು ನೈಟ್ರೋಜನ್‌ಗೆ ಬದಲಿಸಿದರೆ ಮತ್ತೆ ಗ್ವಾನಿಡಿನ್, ಮತ್ತೆ ಧನಾವೇಶ! ಆ ನೈಟ್ರೋಜನ್‌ಗೆ ಎಲೆಕ್ಟ್ರಾನ್ ಎಳೆಯುವ ಸಯಾನೋ ಗುಂಪು ಜೋಡಿಸಿದಾಗ ಪ್ರತ್ಯಾಮ್ಲೀಯತೆ, ಅಂದರೆ ಧನಾವೇಶ ಹೊರುವ ಗುಣ, ಇಲ್ಲವಾಯಿತು. ಅದೇ ಸಿಮೆಟಿಡಿನ್. ಸಿಮೆಟಿಡಿನ್ 1976ರ ನವೆಂಬರಿನಲ್ಲಿ ಟ್ಯಾಗಮೆಟ್ ಹೆಸರಿನಿಂದ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಬ್ಲ್ಯಾಕ್ ಅವರಿಗೆ 1988ರ ನೊಬೆಲ್. ಅಣು ಕಟ್ಟಿದ ಗ್ಯಾನೆಲಿನ್, ಡ್ಯೂರಂಟ್, ಎಮೆಟ್ ಇವರ ಹೆಸರು ಪಠ್ಯಗಳಲ್ಲೂ ಅಪರೂಪ.

ತಯಾರಿಕೆಯ ಒಂದು ಮಾತು. ಸಯಾನೋ ಗುಂಪನ್ನು ತರುವ ಕಾರಕದಲ್ಲಿ ಎರಡು ಮೀಥೈಲ್‌ಥಯೋ ಗುಂಪುಗಳಿವೆ. ಒಂದು ಅಮೀನ್ ಸೇರಿದಾಗಲೆಲ್ಲ ಒಂದು ಮೀಥೈಲ್ ಮರ್ಕ್ಯಾಪ್ಟನ್ ಹೊರಬೀಳುತ್ತದೆ. ಕೊಳೆತ ಎಲೆಕೋಸಿನ ನಾತ. ಅನಿಲವನ್ನು ಬ್ಲೀಚ್ ದ್ರಾವಣದಲ್ಲಿ ಹಾಯಿಸದಿದ್ದರೆ ಸುತ್ತಲಿನ ಬೀದಿಗಳೆಲ್ಲ ದೂರು ಕೊಡುತ್ತವೆ.

ಮಾತ್ರೆಗೂ ದೋಷವಿತ್ತು. ಇಮಿಡಜೋಲ್‌ನ ನೈಟ್ರೋಜನ್ ಔಷಧಗಳನ್ನು ಒಡೆಯುವ ಯಕೃತ್ತಿನ ಸೈಟೊಕ್ರೋಮ್ ಕಿಣ್ವಗಳ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ರಕ್ತದಲ್ಲಿ ಏರುತ್ತವೆ. ಗ್ಲಾಕ್ಸೊ ಕಂಪನಿ ಆ ಉಂಗುರದ ಜಾಗದಲ್ಲಿ ಫ್ಯೂರಾನ್ ಇಟ್ಟು 1981ರಲ್ಲಿ ರಾನಿಟಿಡಿನ್ ತಂದಿತು. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ‘ಗ್ಯಾಸ್ ಮಾತ್ರೆ’ ಎಂದು ವರ್ಷಗಟ್ಟಲೆ ಮಾರಾಟವಾದದ್ದು ಅದೇ. ಅದರ ಡೈಮೀಥೈಲ್ ಅಮೀನ್ ತುದಿಯಿಂದ, ದಾಸ್ತಾನಿನಲ್ಲಿ ಬಿಸಿ ತಾಗಿದರೆ, ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಎನ್‌ಡಿಎಂಎ ಹುಟ್ಟುತ್ತದೆಂದು ಕಂಡ ಮೇಲೆ, 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರಾನಿಟಿಡಿನ್ ಅನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಹೇಳಿತು.